ಕೂಡದ ಮೂಳೆಗೆ ಮಜ್ಜೆಯ ನೆರವು

ಮುರಿದ ಮೂಳೆಗೆ ವೈದ್ಯರು ಹಾಕುವ ಪಟ್ಟಿಯಾಗಲಿ, ಒಳಗೆ ಕೂರಿಸುವ ಸಲಾಕೆಯಾಗಲಿ ತುಂಡುಗಳನ್ನು ಅಲುಗದಂತೆ ಹಿಡಿದಿಡುತ್ತವೆಯೇ ಹೊರತು, ಅವನ್ನು ಬೆಸೆಯುವ ಕೆಲಸ ದೇಹದ್ದೇ ಆಗಿದ್ದು, ಅದರ ಮುಖ್ಯ ಹೊಣೆ ಮೂಳೆಯ ಹೊರಪೊರೆಯಲ್ಲೂ ಒಳಗಿನ ಮಜ್ಜೆಯಲ್ಲೂ ಇರುವ ಆಕರಕೋಶಗಳದು. ಸ್ಟೆಮ್ ಸೆಲ್ ಎಂದೇ ಹೆಚ್ಚು ಪರಿಚಿತವಾದ ಇವು ತಮ್ಮಂಥವೇ ಕೋಶಗಳನ್ನು ಹುಟ್ಟಿಸುತ್ತ ಸಂತತಿಯನ್ನು ಉಳಿಸಿಕೊಳ್ಳುವುದರ ಜೊತೆಗೆ, ಅಗತ್ಯ ಬಿದ್ದಾಗ ನಿರ್ದಿಷ್ಟ ಕೆಲಸದ ಕೋಶಗಳಾಗಿ ಮಾರ್ಪಡಬಲ್ಲವು. ಮುರಿತದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಉರಿಯೂತ ಉಂಟಾದಾಗ ಅವು ವೃದ್ಧಿಗೊಂಡು, ಸಾಮಾನ್ಯವಾಗಿ ಮೊದಲು ಮೆತ್ತನೆಯ ಮೃದ್ವಸ್ಥಿಯನ್ನೂ ಅನಂತರ ಅದರ ಸ್ಥಾನದಲ್ಲಿ ಗಟ್ಟಿ ಮೂಳೆಯನ್ನೂ ಕಟ್ಟುತ್ತವೆ.

ಮಜ್ಜೆಯಲ್ಲಿ ಮೂಳೆ ಕಟ್ಟಬಲ್ಲ ಕೋಶಗಳಿವೆ ಎಂಬುದನ್ನು 1960ರ ದಶಕದಿಂದ ಪ್ರಯೋಗಗಳ ಮೂಲಕ ತೋರಿಸುತ್ತ ಬಂದವರು ಸೋವಿಯತ್ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್. ಆ ತಿಳಿವಳಿಕೆ ರೋಗಿಯ ನೆರವಿಗೆ ಬಂದ ಬಗೆ ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯ ಚಿಕಿತ್ಸೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಈ ಮೂಳೆಯ ಮುಂಭಾಗ ಚರ್ಮದ ಅಡಿಯಲ್ಲೇ ಇದ್ದು, ಸ್ನಾಯುವಿನ ಹೊದಿಕೆ ತೆಳುವಾಗಿರುವುದರಿಂದ, ಕೆಲವರಲ್ಲಿ ತಿಂಗಳುಗಟ್ಟಲೆ ಕಾದರೂ ಮುರಿತ ಕೂಡುವುದಿಲ್ಲ. ಸೊಂಟದ ಎಲುಬಿನಿಂದ ಚೂರುಗಳನ್ನು ಕೆತ್ತಿ ತೆಗೆದು ಬಿರುಕಿಗೆ ತುಂಬುವುದು ಇದಕ್ಕೆ ರೂಢಿಯ ಚಿಕಿತ್ಸೆಯಾದರೂ, ಅದಕ್ಕಾಗಿ ಎರಡು ಕಡೆ ಕೊಯ್ಯಬೇಕಾಗುತ್ತದೆ. ಎಲುಬು ತೆಗೆದ ಜಾಗದ ನೋವು ಕೆಲವರಿಗೆ ಬಹುಕಾಲ ಉಳಿಯುತ್ತದೆ. ಫ್ರಾನ್ಸಿನ ಶಸ್ತ್ರವೈದ್ಯ ಫಿಲಿಪ್ ಎರ್ನಿಗು ಮತ್ತು ಸಂಗಡಿಗರು ಅದೇ ಸೊಂಟದ ಎಲುಬಿನ ಮಜ್ಜೆಯನ್ನು ಸೂಜಿಯಿಂದ ಹೀರಿ, ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಸಾಂದ್ರಗೊಳಿಸಿ, ಎಕ್ಸ್‌ರೇ ಪರದೆಯನ್ನು ನೋಡುತ್ತ ಮುರಿತದೊಳಕ್ಕೆ ಚುಚ್ಚಿದರು. ಅವರು 2005ರಲ್ಲಿ ಪ್ರಕಟಿಸಿದ ವರದಿಯಂತೆ 60 ಮುರಿತಗಳಲ್ಲಿ 53 ಕೂಡಿಕೊಂಡವು. ಅದಕ್ಕಿಂತ ಮಹತ್ವದ ಸಂಗತಿಯೆಂದರೆ, ಕೂಡದೆ ಉಳಿದ 7 ಮುರಿತಗಳಿಗೆ ಸಿಕ್ಕ ಮಜ್ಜೆಯಲ್ಲಿ ಆಕರಕೋಶಗಳು ಗಣನೀಯವಾಗಿ ಕಡಿಮೆಯಿದ್ದವು. ಕೋಶಗಳು ಎಷ್ಟಿವೆ ಎಂದು ಎಣಿಸದೆ ಮಾಡುವ ಚಿಕಿತ್ಸೆಯ ಬಗ್ಗೆ ಭರವಸೆ ಕೊಡುವುದು ಸಲ್ಲದು ಎಂಬುದಕ್ಕೆ ಇಷ್ಟು ಸಾಕು.

ಚುಚ್ಚಿದ ಕೋಶಗಳೆಲ್ಲ ತಾವೇ ಮೂಳೆಯಾಗಿ ಬೆಳೆಯುತ್ತವೆ ಎಂದೇನೂ ಅಲ್ಲ. ಅವುಗಳಲ್ಲಿ ಬಹಳಷ್ಟು ಬೇಗನೆ ಅಳಿದರೂ, ಅವು ಸ್ರವಿಸುವ ಪ್ರೋಟೀನುಗಳು ಹೊಸ ರಕ್ತನಾಳಗಳು ಚಿಗುರಲು ನೆರವಾಗಿ, ಉರಿಯೂತವನ್ನು ಹದಕ್ಕೆ ತಂದು, ಅಲ್ಲಿಯೇ ಇರುವ ಕೋಶಗಳನ್ನು ದುರಸ್ತಿಗೆ ಹಚ್ಚುತ್ತವೆ ಎಂಬ ವಿವರಣೆ ಈಗ ಬಲವಾಗಿದೆ.

ಸ್ನಾಯುವಿನ ಕಥೆ ಇಷ್ಟು ಸುಲಭದ್ದಲ್ಲ. ಅಲೆಕ್ಸಾಂಡರ್ ಮೌರೊ 1961ರಲ್ಲಿ ಕಪ್ಪೆಯ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಸ್ನಾಯುತಂತುಗಳಿಗೆ ಅಂಟಿಕೊಂಡಂತೆ ಇರುವ ಉಪಗ್ರಹ ಕೋಶಗಳನ್ನು ಗುರುತಿಸಿದರು. ಸಾಮಾನ್ಯ ಸ್ನಾಯುಗಾಯಗಳು ವಾಸಿಯಾಗುವುದು ಇವುಗಳಿಂದಲೇ. ಆದರೆ ಅಪಘಾತದಲ್ಲಿ ಸ್ನಾಯುವಿನ ದೊಡ್ಡ ಭಾಗವೇ ಹರಿದುಹೋದರೆ, ಕೋಶಗಳ ಜೊತೆ ಅವುಗಳ ಆಸರೆಯೂ ನಷ್ಟವಾಗಿ, ಆ ಜಾಗವನ್ನು ಸಂಕುಚಿಸಲಾರದ ನಾರುಗಟ್ಟಿದ ಕಲೆ ತುಂಬಿಕೊಳ್ಳುತ್ತದೆ. ಡುಶೆನ್ ಎಂಬ ಆನುವಂಶಿಕ ಸ್ನಾಯುಕ್ಷಯದ ಮಕ್ಕಳಿಗೆ 1990ರ ದಶಕದಲ್ಲಿ ಎಳೆಯ ಸ್ನಾಯುಕೋಶಗಳನ್ನು ಚುಚ್ಚಿದಾಗ, ಹೆಚ್ಚಿನವು ಕೆಲವೇ ದಿನಗಳಲ್ಲಿ ಸತ್ತು, ಉಳಿದವು ಸೂಜಿಯ ಜಾಡನ್ನು ಬಿಟ್ಟು ಹೆಚ್ಚು ದೂರ ಸರಿಯಲಿಲ್ಲ. ಆದ್ದರಿಂದಲೇ ಇಂದಿನ ಸಂಶೋಧಕರು ಕೋಶಗಳ ಜೊತೆಗೆ ಅವು ನೆಲೆಯೂರಬಲ್ಲ ಜೈವಿಕ ಹಂದರವನ್ನೂ ರೂಪಿಸಲು ಶ್ರಮಿಸುತ್ತಿದ್ದಾರೆ.

ಆಕರಕೋಶ ಚಿಕಿತ್ಸೆಯ ಜಾಹೀರಾತುಗಳು ಮಾತ್ರ ಮೂಳೆಗೂ ಸ್ನಾಯುವಿಗೂ ಇರುವ ಈ ವ್ಯತ್ಯಾಸವನ್ನು ಹೇಳುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯು ರಕ್ತರೋಗಗಳಂಥ ಅಂಗೀಕೃತ ಸಂದರ್ಭಗಳಲ್ಲಿ ಮಾಡುವ ಮಜ್ಜೆಕಸಿಯನ್ನು ಬಿಟ್ಟು ಉಳಿದ ಆಕರಕೋಶ ಚಿಕಿತ್ಸೆಗಳನ್ನು ಪ್ರಯೋಗವೆಂದೇ ಪರಿಗಣಿಸಿ, ಅನುಮತಿ ಪಡೆದ ಅಧ್ಯಯನದ ಹೊರಗೆ ಅವನ್ನು ನೀಡಕೂಡದೆಂದಿತು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಕೋಶೌಷಧಿಗೆ ಮಂಡಿಯ ಸಂಧಿವಾತದಲ್ಲಿ ಬಳಸಲು 2022ರಲ್ಲಿ ಕೇಂದ್ರದ ಒಪ್ಪಿಗೆ ದೊರೆತದ್ದು ಹಲವು ಹಂತಗಳ ಪ್ರಯೋಗಗಳ ಬಳಿಕವೇ.