ಎರಡು ಗಾಂಧಾರಕ್ಕೆ ಎರಡು ಮನೆ

ತಂಬೂರಿಯ ಮಂದ್ರ ಷಡ್ಜದ ತಂತಿ ಮೀಟಿ ಕಿವಿಗೊಟ್ಟು ಕೇಳಿ. ಯಾರೂ ನುಡಿಸದ ಅಂತರ ಗಾಂಧಾರ ಅದರೊಳಗಿಂದಲೇ ಎದ್ದು ಬರುತ್ತದೆ. ಈಗ ಹಾರ್ಮೋನಿಯಂನಲ್ಲಿ ಅದೇ ಗಾಂಧಾರದ ಮನೆ ಒತ್ತಿ. ತುಸು ಏರಿದಂತಿದೆ, ಅಲ್ಲವೇ? ಒಂದು ಸ್ಥಾಯಿಯನ್ನು 1200 ಸೆಂಟ್ ಎಂದು ಅಳೆದರೆ ತಂಬೂರಿಯ ಗಾಂಧಾರ ಸುಮಾರು 386ರಲ್ಲಿದೆ, ಹಾರ್ಮೋನಿಯಂನದು 400ರಲ್ಲಿ. ಸ್ಥಾಯಿಯನ್ನು 12 ಸಮಪಾಲು ಮಾಡಿದ್ದಕ್ಕೆ ತೆತ್ತ ಬೆಲೆ ಈ 14 ಸೆಂಟ್.

31 ಪಾಲು ಮಾಡಿದರೆ? ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1691ರಲ್ಲೇ ಈ ಲೆಕ್ಕ ಪ್ರಕಟಿಸಿದ್ದರು. ಆಗ ಹತ್ತನೆಯ ಮೆಟ್ಟಿಲಲ್ಲಿ, 387 ಸೆಂಟ್‌ಗೆ ಗಾಂಧಾರ ಸಿಗುತ್ತದೆ. ಪಂಚಮ 5 ಸೆಂಟ್ ತಗ್ಗುತ್ತದೆ, ನಿಜ; ಆದರೂ ಗಾಂಧಾರದ ಸೊಗಸಿಗೆ ಅಷ್ಟು ಬಿಟ್ಟುಕೊಡಬಹುದು ಎಂದೇ ನನಗನ್ನಿಸುತ್ತದೆ. ನಿಜವಾದ ತೊಡಕು ಇರುವುದು ಕೈಗೆ. 31 ಮನೆಗಳನ್ನು ಒಂದೇ ಸಾಲಿನಲ್ಲಿಟ್ಟರೆ ತಾರ ಷಡ್ಜ ಬೆರಳಿಗೆ ಎಟುಕದು.

ಇದಕ್ಕೆ ದಾರಿ ತೋರಿದವರು ಇಂಗ್ಲೆಂಡಿನ ರಾಬರ್ಟ್ ಬೋಸನ್‌ಕೆಟ್. 1870ರ ದಶಕದಲ್ಲಿ ಅವರು 53 ಪಾಲಿನ ಹಾರ್ಮೋನಿಯಂ ಒಂದಕ್ಕೆ ಮನೆಗಳನ್ನು ಸಾಲಿನ ಮೇಲೆ ಸಾಲಾಗಿ ಹೂಡಿದರು. ಭೌತವಿಜ್ಞಾನಿ ಆಡ್ರಿಯಾನ್ ಫೋಕರ್ ಇದೇ ಜೋಡಣೆಯನ್ನು ಹೈಗನ್ಸ್‌ರ 31 ಸ್ವರಗಳಿಗೆ ಒಗ್ಗಿಸಿಕೊಂಡರು. ಅವರ ಆರ್ಗನ್ 1950ರಲ್ಲಿ ಹಾರ್ಲೆಮ್‌ನ ಟೇಲರ್ಸ್ ಮ್ಯೂಸಿಯಂನಲ್ಲಿ ನಿಂತಿತು, ಈಗ ಆಮ್‌ಸ್ಟರ್‌ಡ್ಯಾಮ್‌ನಲ್ಲಿದೆ. ಇಂದಿನ ಲ್ಯೂಮಟೋನ್ ವಾದ್ಯದಲ್ಲಿ ಆರು ಮೂಲೆಯ 280 ಮನೆಗಳು ಜೇನುಹುಟ್ಟಿನಂತೆ ಹೆಣೆದುಕೊಂಡಿವೆ.

ಜೇನುಹುಟ್ಟಿನ ಆ ಹೆಣಿಗೆಯಲ್ಲೇ ಗುಟ್ಟಿದೆ. 31ರ ಜೋಡಣೆಯಲ್ಲಿ ಬಲಕ್ಕೆ ಒಂದು ಮನೆ ಸರಿದರೆ 5 ಮೆಟ್ಟಿಲು, ಬಲಕ್ಕೆ ಓರೆಯಾಗಿ ಇಳಿದರೆ 3, ಏರಿದರೆ 2. ಶಂಕರಾಭರಣ ನುಡಿಸಿ ನೋಡೋಣ: ಷಡ್ಜದಿಂದ ಬಲಕ್ಕೆ ಎರಡು, ಓರೆಯಾಗಿ ಕೆಳಗೆ ಒಂದು, ಮತ್ತೆ ಬಲಕ್ಕೆ ಮೂರು, ಕೆಳಗೆ ಒಂದು. ಒಟ್ಟು 31, ತಾರ ಷಡ್ಜ ಬಂತು. ಯಾವ ಮನೆಯನ್ನು ಷಡ್ಜ ಮಾಡಿಕೊಂಡರೂ ಬೆರಳಿನ ನಡಿಗೆ ಇಷ್ಟೇ. ಹಾರ್ಮೋನಿಯಂನಲ್ಲಾದರೆ, ಬಿಳಿ ಒಂದರ ಶ್ರುತಿಯಲ್ಲಿ ಕಲಿತ ರಾಗವನ್ನು ಗಾಯಕರು ಕಪ್ಪು ಒಂದಕ್ಕೆ ಏರಿಸಿದೊಡನೆ ಪಕ್ಕವಾದ್ಯದವರ ಬೆರಳುಗಳೆಲ್ಲ ಜಾಗ ಬದಲಿಸಬೇಕು.

53 ಪಾಲಿಗೆ ಹೋದರೆ ಬಲಕ್ಕೆ 9 ಮೆಟ್ಟಿಲು, ಇಳಿದರೆ 4, ಏರಿದರೆ 5. ನಡಿಗೆ ಅದೇ. ಆದರೆ ಬಲಕ್ಕೆ ಎರಡು ಮನೆ ಸರಿದಾಗ ಸಿಗುವ ಗಾಂಧಾರ 18ನೇ ಮೆಟ್ಟಿಲಿನದು, ಸುಮಾರು 408 ಸೆಂಟ್, ಹಾರ್ಮೋನಿಯಂನದಕ್ಕಿಂತಲೂ ತೀಕ್ಷ್ಣ. ತಂಬೂರಿಯ ಗಾಂಧಾರಕ್ಕೆ ಹತ್ತಿರದ್ದು 17ನೆಯದು. ಇವೆರಡರ ನಡುವಿನ ಅಂತರ ನಮ್ಮ ಶಾಸ್ತ್ರಕಾರರ ಪ್ರಮಾಣ ಶ್ರುತಿಗೆ ಬಹುತೇಕ ಸಮ. ಬಲಕ್ಕೆ ಒಂದು ಮನೆ, ಓರೆಯಾಗಿ ಕೆಳಗೆ ಎರಡು: ತಂಬೂರಿಯೊಳಗಿನ ಆ ಗಾಂಧಾರ ಬೆರಳಿಗೆ ಸಿಗುವುದು ಅಲ್ಲಿ.