ಭಂಗಾರದೊಳಗೂ ಬಂಗಾರ!

ಸೊಲ್ಲಾಪುರ: ಮರಾಠಿಯಲ್ಲಿ ‘ಭಂಗಾರ್’ ಎಂದರೆ ಗುಜರಿ. ಕನ್ನಡದಲ್ಲಿ ‘ಬಂಗಾರ’ ಎಂದರೆ ಚಿನ್ನ. ಎರಡೂ ಭಾಷೆ ಆಡುವ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಇವೆರಡರ ನಡುವೆ ಇರುವುದು ಒಂದು ಮಹಾಪ್ರಾಣದ ಅಂತರ. ಹಳೆಯ ಕಾರಿನ ಮಟ್ಟಿಗಂತೂ ಅಷ್ಟು ಅಂತರವೂ ಇಲ್ಲ.

‘ಗಾಡಿ ಹಳೇದಾತು, ಭಂಗಾರಕ್ಕ ಹಾಕೂಣು’ ಎಂದು ಕಬ್ಬಿಣದ ತೂಕಕ್ಕೆ ಕೊಟ್ಟು ಕೈತೊಳೆದುಕೊಳ್ಳುವುದು ರೂಢಿ. ಬ್ಯಾಟರಿಯ ಸೀಸ, ವೈರಿನ ತಾಮ್ರ, ಎಂಜಿನ್ನಿನ ಅಲ್ಯುಮಿನಿಯಂ ಬೆಲೆ ಹಲವರಿಗೆ ಗೊತ್ತು. ಆದರೆ ಹೊಗೆ ಕೊಳವೆಯಲ್ಲಿರುವ ಪುಟ್ಟ ಡಬ್ಬಿಯ ಕಡೆ ಗಮನ ಹೋಗುವುದಿಲ್ಲ. ಅದೇ ಕೆಟಲಿಟಿಕ್ ಕನ್ವರ್ಟರ್.

ಡಬ್ಬಿಯಲ್ಲಿ ಏನಿದೆ?

ಒಳಗೆ ಜೇನುಗೂಡಿನಂಥ ಪಿಂಗಾಣಿ ಇಟ್ಟಿಗೆ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪ. ವಿಷದ ಹೊಗೆಯನ್ನು ಶುದ್ಧಗೊಳಿಸುವುದು ಇದರ ಕೆಲಸ. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು. ಲೋಹ ಇರುವುದು ಕೆಲವೇ ಗ್ರಾಂ. ಆದರೂ 2021ರ ಮಾರ್ಚ್‌ನಲ್ಲಿ ರೋಡಿಯಂ ಬೆಲೆ ಚಿನ್ನದ ಹತ್ತು ಪಟ್ಟನ್ನೂ ಮೀರಿತ್ತು. ಆ ಹೊತ್ತಿಗೆ ಗುಜರಾತ್, ಮಹಾರಾಷ್ಟ್ರಗಳಲ್ಲಿ ಈಕೋ ವ್ಯಾನುಗಳ ಸೈಲೆನ್ಸರ್ ಕಳವಾದದ್ದು ಈ ಧೂಳಿನ ಆಸೆಗೇ.

ಮನೆಯಂಗಳದ ಕೆಲಸವಲ್ಲ

ಪಿಂಗಾಣಿಯನ್ನು ಪುಡಿಮಾಡಿ, ತಾಮ್ರ ಅಥವಾ ಕಬ್ಬಿಣದ ಜತೆ ಕುಲುಮೆಯಲ್ಲಿ ಕರಗಿಸಿದರೆ ಬೆಲೆಬಾಳುವ ಲೋಹಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಬಳಿಕ ಆಮ್ಲದಲ್ಲಿ ಕರಗಿಸಿ ಒಂದೊಂದನ್ನೇ ಬೇರ್ಪಡಿಸಬೇಕು. ಸುತ್ತಿಗೆಯಿಂದ ಒಡೆದರೆ ಎದ್ದ ನುಣ್ಣನೆಯ ಧೂಳು ನೇರ ಪುಪ್ಪುಸಕ್ಕೆ. ಚರಂಡಿಗೆ ಸುರಿದ ಆಮ್ಲ ಬಾವಿ ನೀರಿಗೆ. ಲಾಭ ದಲ್ಲಾಳಿಗೆ, ಕೆಮ್ಮು ಕೂಲಿಯವನಿಗೆ.

ಗಡಿಯವರು ಗಮನಿಸಿ

ಇಲ್ಲಿನ ರಸ್ತೆಗಳಲ್ಲಿ ಎಂಎಚ್-13 ಜತೆಗೆ ವಿಜಯಪುರದ ಕೆಎ-28, ಕಲಬುರಗಿಯ ಕೆಎ-32 ಗಾಡಿಗಳೂ ಓಡುತ್ತವೆ. ಗಾಡಿ ಒಡೆದರೂ ಆರ್‌ಸಿ ರದ್ದಾಗದಿದ್ದರೆ ಕಾಗದದಲ್ಲಿ ಮಾಲೀಕ ನೀವೇ. ಆ ನಂಬರು ಬೇರೆ ಗಾಡಿಗೆ ಏರಿದರೆ ಪೊಲೀಸರು ಬರುವುದೂ ನಿಮ್ಮ ಮನೆಗೇ. 2021ರ ನಿಯಮದಂತೆ ಗಾಡಿ ಯಾವ ರಾಜ್ಯದ್ದೇ ಇರಲಿ, ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಡಬಹುದು. ಅಲ್ಲಿ ಸಿಗುವ ಠೇವಣಿ ಪ್ರಮಾಣಪತ್ರದ ಮೇಲೆ ಹೊಸ ಸ್ವಂತ ವಾಹನದ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ನೀಡಲು ರಾಜ್ಯಗಳಿಗೆ ಅವಕಾಶವಿದೆ.

ತೂಕ ಹಾಕುವ ಮುನ್ನ ಎರಡು ಮಾತು ಕೇಳಿ: ಡಬ್ಬಿಗೆ ಎಷ್ಟು? ಕಾಗದ ಎಲ್ಲಿ?