ಏಳು ವರ್ಷ ಸೋಲದ ಮೈಸೂರು ಹುಡುಗಿಯರು

1965. ಮೆಲ್ಬೋರ್ನ್‌ನಲ್ಲಿ ಮಹಿಳೆಯರ ಮೊಟ್ಟಮೊದಲ ಸಾಫ್ಟ್‌ಬಾಲ್ ವಿಶ್ವ ಚಾಂಪಿಯನ್‌ಷಿಪ್. ಸಾಫ್ಟ್‌ಬಾಲ್ ಹುಟ್ಟಿದ್ದೇ ಅಮೆರಿಕದಲ್ಲಿ. ಆದರೂ ಫೈನಲ್‌ನಲ್ಲಿ ಆಸ್ಟ್ರೇಲಿಯಾ ಅಮೆರಿಕವನ್ನು 1-0ಯಿಂದ ಮಣಿಸಿಬಿಟ್ಟಿತು! ಆಡಿದ್ದು ಐದೇ ದೇಶ. ಭಾರತ ಇರಲಿಲ್ಲ.

ಹಾಗಾದ್ರೆ ನಮ್ಮ ಹುಡುಗಿಯರು ಆಗ ಸುಮ್ನೆ ಕೂತಿದ್ರಾ? ಎಲ್ಲಿ ಬಂತು! ಹಾಕಿ ಆಡ್ತಿದ್ರು.

ಬೆಂಗಳೂರಿನ ಎಲ್ವೆರಾ ಬ್ರಿಟ್ಟೋ. ಜೊತೆಗೆ ಸಹೋದರಿಯರಾದ ರೀಟಾ ಮತ್ತು ಮೇ. ಒಂದೇ ಮನೆಯ ಮೂವರೂ ರಾಜ್ಯಕ್ಕೆ, ದೇಶಕ್ಕೆ ಆಡಿದವರು. ಟರ್ಫ್ ಇನ್ನೂ ಬಂದಿರದ ಕಾಲ ಅದು. ಚೆಂಡು ಯಾವ ಉಬ್ಬಿಗೆ ತಾಗಿ ಎತ್ತ ಹಾರುತ್ತೋ ಹೇಳೋಕಾಗ್ತಿರಲಿಲ್ಲ.

1960ರಿಂದ 67ರವರೆಗೆ ಎಲ್ವೆರಾ ಮೈಸೂರು ರಾಜ್ಯ (ಇಂದಿನ ಕರ್ನಾಟಕ) ತಂಡದ ನಾಯಕಿ. ಆ ಅವಧಿಯಲ್ಲಿ ತಂಡ ಗೆದ್ದ ರಾಷ್ಟ್ರೀಯ ಪ್ರಶಸ್ತಿ ಎಷ್ಟು ಗೊತ್ತಾ? ಸತತ ಏಳು! ಇವತ್ತು ಯಾವುದಾದ್ರೂ ಕ್ರಿಕೆಟ್ ತಂಡ ಹೀಗೆ ಗೆದ್ದಿದ್ರೆ ಸಿನಿಮಾನೇ ಬರ್ತಿತ್ತು.

ಮೆಲ್ಬೋರ್ನ್‌ನಲ್ಲಿ ಸಾಫ್ಟ್‌ಬಾಲ್ ನಡೆದ ಅದೇ 1965ರ ಸಾಲಿನ ಅರ್ಜುನ ಪ್ರಶಸ್ತಿ ಎಲ್ವೆರಾಗೆ. ಆದ್ರೆ ಒಲಿಂಪಿಕ್ಸ್‌ಗೆ ಮಹಿಳಾ ಹಾಕಿ ಬಂದಿದ್ದು 1980ರಲ್ಲಿ. ಸಾಫ್ಟ್‌ಬಾಲ್ ಬಂದಿದ್ದು 1996ಕ್ಕೆ. ಅಷ್ಟರಲ್ಲಿ ಆ ತಲೆಮಾರಿನ ಆಟ ಮುಗಿದಿತ್ತು.

2022ರ ಏಪ್ರಿಲ್‌ನಲ್ಲಿ ಎಲ್ವೆರಾ ತೀರಿಕೊಂಡರು. ನಿಮ್ಮ ಮನೆಯಲ್ಲೂ ಆ ಕಾಲದಲ್ಲಿ ಮೈದಾನಕ್ಕಿಳಿದ ಅಜ್ಜಿ ಇದ್ದಾರಾ? ಕಾಮೆಂಟ್‌ನಲ್ಲಿ ಬರೀರಿ.